ಬೆನ್ನ ಮೇಲಿನ ಇಂಜಿನ್ನು

ನನಗೆ ಮೊದಲಿಂದಲೂ ಒಂದು ಕಾಯಿಲೆ. ಯಾವುದೇ ವಸ್ತು ಇರಬೇಕಾದ ಹಾಗೆ ಇಲ್ಲದಿದ್ದರೆ ಕೂತಲ್ಲಿ ಕೂರಲಾರೆ, ನಿಂತಲ್ಲಿ ನಿಲ್ಲಲಾರೆ. ಗೋಡೆಯ ಕ್ಯಾಲೆಂಡರು ಚೂರು ವಾಲಿದ್ದರೂ ನೆಂಟರ ಮನೆಯೆಂದು ನೋಡದೆ ಎದ್ದು ಹೋಗಿ ಸರಿಮಾಡುತ್ತೇನೆ. ಊಟದ ಎಲೆಯ ತುದಿ ಎಡಕ್ಕಿಲ್ಲದಿದ್ದರೆ ಅನ್ನ ಗಂಟಲಲ್ಲಿ ಇಳಿಯುವುದಿಲ್ಲ. ಇಂಥವನಿಗೆ ತಕ್ಕ ಕೆಲಸವೇ ಸಿಕ್ಕಿತು. ಅರವತ್ತರ ದಶಕದ ಕೊನೆಯಲ್ಲಿ ನಾನು ಶ್ರೀರಂಗಪಟ್ಟಣದ ಒಂದು ಕಾಲುವೆ ಕಚೇರಿಯಲ್ಲಿ ಟ್ರೇಸರ್ ಆಗಿದ್ದೆ. ಇಂಜಿನಿಯರರು ಬರೆದ ನಕ್ಷೆಯ ಮೇಲೆ ಟ್ರೇಸಿಂಗ್ ಬಟ್ಟೆ ಹಾಸಿ, ಅವರ ಗೆರೆಯ ಮೇಲೆಯೇ ಗೆರೆ ಎಳೆಯುವುದು. ಗೆರೆ ಕೂದಲೆಳೆಯಷ್ಟು ಜಾರಿದರೂ ಬ್ಲೇಡಿನಿಂದ ಕೆರೆದು ಮತ್ತೆ ಎಳೆಯಬೇಕು. ಉಳಿದವರಿಗೆ ಅದು ಬೇಸರದ ಕೆಲಸ. ನನಗೆ ದಿನದಲ್ಲಿ ಮನಸ್ಸು ನೆಟ್ಟಗಿರುತ್ತಿದ್ದ ಹೊತ್ತು ಅದೊಂದೇ.

ಈ ಕಾಯಿಲೆಗೆ ತುಪ್ಪ ಸುರಿದವನು ನಮ್ಮಣ್ಣ. ಅವನು ವಾಯುಸೇನೆಯಲ್ಲಿ ವಿಮಾನ ರಿಪೇರಿ ಮಾಡುವ ಫಿಟ್ಟರ್. ಒಂದು ಸಲ ರಜಕ್ಕೆ ಬರುವಾಗ ಬೊಂಬಾಯಿಯಿಂದ ಒಂದು ರಟ್ಟಿನ ಡಬ್ಬಿ ತಂದುಕೊಟ್ಟ. ಒಳಗೆ ವಿಮಾನದ ಪ್ಲಾಸ್ಟಿಕ್ ತುಂಡುಗಳು. ಕಾಗದದಲ್ಲಿ ತೋರಿಸಿದ ಹಾಗೆ ಒಂದಕ್ಕೊಂದು ಅಂಟಿಸುತ್ತ ಹೋದರೆ ಅಂಗೈಯಗಲದ ವಿಮಾನವಾಗುತ್ತದೆ. ಅಸಲಿನ ಪಡಿಯಚ್ಚು ಎಂದು ಡಬ್ಬಿಯ ಮೇಲೆ ಇಂಗ್ಲಿಷಿನಲ್ಲಿ ಬರೆದಿತ್ತು. ಪಡಿಯಚ್ಚಂತೆ! ಚಕ್ರ ಬೀಸುಕಲ್ಲಿನಷ್ಟು ದಪ್ಪ, ಪೈಲಟ್ಟು ಒಂದು ರಾಗಿಮುದ್ದೆ, ಅವನು ಕೂರಲು ಸೀಟೇ ಇಲ್ಲ. ಅಂಟಿಸಿ ಮುಗಿಸಿದ ಮೇಲೆ ನನಗೆ ಸಂತೋಷವಾಗುವ ಬದಲು ಕಿರಿಕಿರಿ ಶುರುವಾಯಿತು.

ಈಗ ಇಂಥ ತಪ್ಪುಗಳನ್ನು ತಿದ್ದುವ ಬಿಡಿಭಾಗಗಳನ್ನೇ ಬೇರೆಯಾಗಿ ಮಾಡಿ ಮಾರುತ್ತಾರಂತೆ. ಸೀಟು ಬೇಕೆಂದರೆ ಸೀಟು, ಚಕ್ರ ಬೇಕೆಂದರೆ ಚಕ್ರ. ಆಗ ನನಗೆ ಅಂಗಡಿಯೆಂದರೆ ನಮ್ಮನೆ ಹಿತ್ತಿಲು ಮತ್ತು ಕಚೇರಿಯ ಕಸದ ಬುಟ್ಟಿ. ಹಳೆಯ ಟ್ರೇಸಿಂಗ್ ಬಟ್ಟೆಯನ್ನು ಬಿಸಿನೀರಿನಲ್ಲಿ ನೆನೆಹಾಕಿ ತಿಕ್ಕಿದರೆ ಗಂಜಿಯೆಲ್ಲ ಬಿಟ್ಟು ತೆಳ್ಳನೆಯ ಹತ್ತಿ ಬಟ್ಟೆ ಉಳಿಯುತ್ತದೆ. ನಮ್ಮ ಕಚೇರಿಯವರೆಲ್ಲ ಅದನ್ನು ಕರವಸ್ತ್ರ ಮಾಡಿಕೊಳ್ಳುತ್ತಿದ್ದರು. ನಾನು ಅದರಲ್ಲಿ ದಾರದಂಥ ಪಟ್ಟಿ ಕತ್ತರಿಸಿ ಪೈಲಟ್ಟಿಗೆ ಬೆಲ್ಟು ಕಟ್ಟಿದೆ. ಪೊರಕೆಯ ಕಡ್ಡಿ ಸೀಳಿ ರೇಡಿಯೋ ಕಂಬ ನಿಲ್ಲಿಸಿದೆ. ಮೈಸೂರಿನಲ್ಲಿ, ಊರು ಬಿಟ್ಟುಹೋಗುವ ವಿದೇಶಿಯರ ಸಾಮಾನನ್ನೆಲ್ಲ ಕೊಂಡು ಮಾರುವ ಒಂದು ಅಂಗಡಿಯಿತ್ತು. ಅಲ್ಲಿಂದ ಎರಡು ಮೂರು ಡಬ್ಬಿ ತಂದು ತಿದ್ದಿದೆ. ಒಂದು ತಪ್ಪು ತಿದ್ದಿದರೆ ಅದರ ಪಕ್ಕದ್ದು ಕಣ್ಣಿಗೆ ಬೀಳುತ್ತಿತ್ತು. ಪಾಂಡವಪುರದ ನಮ್ಮ ಮನೆಯ ಜಗಲಿಯ ಮೇಲೆ ನನ್ನ ಭಾನುವಾರಗಳೆಲ್ಲ ಹೀಗೆ ಹಾಳಾದವು.

ಅಷ್ಟರಲ್ಲಿ ಅಣ್ಣ ಸೇನೆಯ ಕೆಲಸ ಮುಗಿಸಿ ಊರಿಗೇ ಬಂದ. ವಯಸ್ಸು ಮೂವತ್ತಮೂರು, ಮದುವೆಯಾಗಿರಲಿಲ್ಲ. ಗದ್ದೆ ಕಡೆ ಹೋಗಿಬಂದ ಮೇಲೆ ಬಸ್‌ ಸ್ಟ್ಯಾಂಡಿನ ಹತ್ತಿರದ ಹೋಟೆಲಿನಲ್ಲಿ ಕೂತು ತಾನು ಕಂಡದ್ದನ್ನು ಹೇಳುತ್ತಿದ್ದ. ಅವನು ಕೆಲಸ ಮಾಡಿದ್ದು ಲಡಾಖಿನ ಹಿಮದ ನಾಡಿಗೆ ಸಾಮಾನು ಸಾಗಿಸುವ ದೊಡ್ಡ ವಿಮಾನಗಳಲ್ಲಿ. ಅವುಗಳನ್ನು ಪ್ಯಾಕೆಟ್ ಎಂದು ಕರೆಯುತ್ತಿದ್ದರಂತೆ. "ಬೀಡಿ ಪ್ಯಾಕೆಟ್ಟಾ?" ಎಂದು ಯಾರಾದರೂ ಕೇಳುವರು. ಅಲ್ಲಿನ ಚಳಿಯಲ್ಲಿ ಕಬ್ಬಿಣವನ್ನು ಬರಿಗೈಲಿ ಮುಟ್ಟಿದರೆ ಚರ್ಮ ಅಂಟಿಕೊಂಡು ಕಿತ್ತುಬರುತ್ತದೆ ಎನ್ನುವನು. "ಅಂಗಾರೆ ಐಸ್‌ಕ್ಯಾಂಡಿ ತಿಂದ್ರೆ ನಾಲ್ಗೆ ಕಿತ್ಕೊಂಡ್ ಬತ್ತದಾ?" ಎನ್ನುವರು. ಅವನಿಗೆ ಬೇಜಾರಿಲ್ಲ, ತಾನೂ ನಗುತ್ತಿದ್ದ.

ಎಲ್ಲಕ್ಕಿಂತ ಹೆಚ್ಚಾಗಿ ಜನ ನಗುತ್ತಿದ್ದದ್ದು ಬೆನ್ನ ಮೇಲಿನ ಇಂಜಿನ್ನಿಗೆ. ಆ ಎತ್ತರದಲ್ಲಿ ಗಾಳಿ ತೆಳು, ರೆಕ್ಕೆಯ ಎರಡು ಇಂಜಿನ್ನು ಸಾಲದು, ಅದಕ್ಕೇ ವಿಮಾನದ ಬೆನ್ನ ಮೇಲೆ ಇನ್ನೊಂದು ಜೆಟ್ ಇಂಜಿನ್ನು ಕೂರಿಸಿದ್ದರು ಎಂದು ಅಣ್ಣ ಹೇಳುತ್ತಿದ್ದ. ಬೆಟ್ಟದ ಸಂದಿಯಲ್ಲಿ ಏಳುವಾಗ ಅದನ್ನು ಹೊತ್ತಿಸಿದರೆ ವಿಮಾನ ಯಾರೋ ಕುಂಡಿಗೆ ಒದ್ದ ಹಾಗೆ ಮೇಲಕ್ಕೆ ಹೋಗುತ್ತಿತ್ತಂತೆ. "ಎಲ್ರೂ ರೈಲು ಬುಡ್ತಾರೆ, ನೀನು ಏರೋಪ್ಲೇನೇ ಬುಟ್ಬುಟ್ಯಲ್ಲಪ್ಪಾ" ಎಂದು ಹೋಟೆಲಿನವನು ಕಾಫಿ ಲೋಟ ಇಟ್ಟುಹೋಗುತ್ತಿದ್ದ. ನಾನೂ ನಗುತ್ತಿದ್ದೆ. ಸುಳ್ಳೇ ಇರಬೇಕೆಂದು ನನಗೂ ಅನ್ನಿಸುತ್ತಿತ್ತು.

ಆ ಹೊತ್ತಿಗೆ ಕೆ.ಆರ್. ಪೇಟೆ ತಾಲ್ಲೂಕಿನ ಗೋವಿಂದನಹಳ್ಳಿಯಲ್ಲಿ ಅಣ್ಣನಿಗೊಂದು ಹೆಣ್ಣು ಗೊತ್ತಾಗಿತ್ತು. ಹುಡುಗಿ ಎಸ್ಸೆಲ್ಸಿ ಪಾಸಾಗಿ ಊರಿನ ಚಿಕ್ಕ ಮಕ್ಕಳಿಗೆ ಪಾಠ ಹೇಳುತ್ತಿದ್ದಳು. ತಂದೆಯಿರಲಿಲ್ಲ, ಸೋದರಮಾವನದೇ ಯಜಮಾನಿಕೆ. ಹೆಣ್ಣು ನೋಡುವ ಶಾಸ್ತ್ರ ಮುಗಿದು ಎರಡೂ ಕಡೆ ಒಪ್ಪಿಗೆಯಾಗಿತ್ತು. ಅಣ್ಣ ಯಾವುದನ್ನೂ ಬಾಯಿ ಬಿಟ್ಟು ಕೇಳುವವನಲ್ಲ. ಆದರೆ ಅಲ್ಲಿಂದ ಬಂದ ಮೇಲೆ ದಿನಾ ಗಡ್ಡ ಕೆರೆಯತೊಡಗಿದ. ದಿನ ಗೊತ್ತುಮಾಡುವುದೊಂದು ಬಾಕಿಯಿತ್ತು.

ಅದನ್ನು ಕೆಡಿಸಿದವನು ನಾನು. ಮೈಸೂರಿನ ಅದೇ ಅಂಗಡಿಯಲ್ಲಿ ಒಂದು ದೊಡ್ಡ ಡಬ್ಬಿ ಕಂಡೆ. ಎರಡು ಬಾಲದ, ಹೊಟ್ಟೆ ಉಬ್ಬಿದ ವಿಮಾನ. ಅಣ್ಣ ಹೇಳುತ್ತಿದ್ದ ಗುರುತೆಲ್ಲ ಕೂಡಿಬಂತು. ಇಂಥ ವಿಮಾನ ಇರುವುದಂತೂ ನಿಜ, ಊರವರ ಬಾಯಿ ಮುಚ್ಚಿಸುತ್ತೇನೆ ಎಂದು ಹಿಗ್ಗಿಹೋದೆ. ಸೀದಾ ಮನೆಗೆ ಹೋಗಬಾರದೇ? ಕಾಲು ನಿಲ್ಲಲಿಲ್ಲ. ಅವತ್ತು ಸಂತೆಯ ದಿನ, ಹೋಟೆಲು ತುಂಬಿತ್ತು, ಅಣ್ಣನೂ ಅಲ್ಲೇ ಇದ್ದ. ಡಬ್ಬಿಯನ್ನು ಮೇಜಿನ ಮೇಲೆ ಇಟ್ಟೆ.

ಅಣ್ಣ ಮುಚ್ಚಳದ ಚಿತ್ರವನ್ನು ನೋಡಿದ. ಅವನ ಮುಖ ಅರಳಿತು, ಆಮೇಲೆ ಸಪ್ಪಗಾಯಿತು. "ಇದೇ ಕಣ್ಲಾ. ಆದ್ರೆ ಇದ್ರಲ್ಲಿ ಬೆನ್ನ ಮೇಲಿಂದು ಇಲ್ವಲ್ಲ" ಎಂದ.

ಹೋಟೆಲು ಹೋ ಎಂದಿತು. ಚಿತ್ರದಲ್ಲಿ ಎಣಿಸಿದರೆ ಎರಡೇ ಇಂಜಿನ್ನು, ಬೆನ್ನು ನುಣ್ಣಗೆ. "ವಿಮಾನ ಮಾಡ್ದೋನ್ಗೇ ಗೊತ್ತಿಲ್ಲ, ನಮ್ಮೋನ್ಗೆ ಗೊತ್ತು" ಎಂದು ಯಾರೋ ಕೂಗಿದರು. ನಮ್ಮಲ್ಲಿ ಬೇಕೆಂದೇ ಆಮೇಲೆ ಕೂರಿಸಿಕೊಂಡದ್ದು, ಹೊರದೇಶದ್ದರಲ್ಲಿ ಇರಲಿಕ್ಕಿಲ್ಲ ಎಂದು ಅಣ್ಣ ಹೇಳುತ್ತಿದ್ದುದು ಆ ಗಲಾಟೆಯಲ್ಲಿ ಯಾರಿಗೂ ಕೇಳಲಿಲ್ಲ. ಮೂಲೆಯಲ್ಲಿ ಒಬ್ಬ ಯಜಮಾನರು ನಗದೆ ಇಡ್ಲಿ ತಿನ್ನುತ್ತಿದ್ದರು. ತಲೆಗೆ ಸುತ್ತಿದ ಟವೆಲ್ಲು ಮುಖಕ್ಕೆ ಮರೆಯಾಗಿತ್ತು. ಎದ್ದು ಹೊರಡುವಾಗ ನೋಡಿದೆ. ಹುಡುಗಿಯ ಸೋದರಮಾವ. ಗಂಡಿನ ವಿಷಯ ನಾಲ್ಕು ಜನರನ್ನು ವಿಚಾರಿಸೋಣವೆಂದು ಸಂತೆಗೆ ಬಂದವರು, ವಿಚಾರಿಸದೆಯೇ ಎಲ್ಲ ಕೇಳಿಸಿಕೊಂಡು ಹೋದರು.

ವಾರದೊಳಗೆ ಮಾತು ಬಂತು. ಸ್ವಲ್ಪ ದಿನ ತಡೆಯೋಣ ಎಂದು. ಮಾತು ತಂದ ನೆಂಟರನ್ನು ಒತ್ತಾಯ ಮಾಡಿದ ಮೇಲೆ ನಿಜ ಹೇಳಿದರು. ಸೋದರಮಾವನಿಗೆ ಇಂಜಿನ್ನು ಕಟ್ಟಿಕೊಂಡು ಏನಾಗಬೇಕು? ಅವರಿಗಿದ್ದ ಭಯ ಬೇರೆ. ಇಷ್ಟು ವರ್ಷ ಉತ್ತರದ ಕಡೆ ಇದ್ದವನು ಅಲ್ಲಿ ಯಾರನ್ನಾದರೂ ಕಟ್ಟಿಕೊಂಡಿದ್ದರೆ? ಇಲ್ಲ ಎನ್ನುವುದಕ್ಕೆ ಇದ್ದದ್ದು ಅಣ್ಣನ ಬಾಯಿಮಾತು ಒಂದೇ. "ಇಂಜಿನ್ ವಿಷ್ಯದಲ್ಲೇ ಇಂಗೆ ಬುರುಡೆ ಬುಡೋನು, ಹೆಂಡ್ರ ವಿಷ್ಯದಲ್ಲಿ ನಿಜ ಹೇಳ್ತಾನಾ?" ಎಂದಿದ್ದರಂತೆ. ಕೇಳಿ ಅಣ್ಣ ಗದ್ದೆಗೆ ಹೋದ. ಗಡ್ಡ ಕೆರೆಯುವುದನ್ನು ಬಿಟ್ಟ, ಹೋಟೆಲಿಗೆ ಹೋಗುವುದನ್ನೂ ಬಿಟ್ಟ.

ನನಗೆ ನಿದ್ದೆ ಊಟ ಎರಡೂ ಕೆಟ್ಟವು. ಕಚೇರಿಯಲ್ಲಿ ಗೆರೆ ಜಾರತೊಡಗಿತು. ಮಾಡಿದ ತಪ್ಪನ್ನು ನನಗೆ ಗೊತ್ತಿದ್ದ ವಿದ್ಯೆಯಿಂದಲೇ ತಿದ್ದಬೇಕು ಎಂದು ತಲೆಗೆ ಹುಳ ಬಿಟ್ಟುಕೊಂಡೆ. ಆ ಡಬ್ಬಿಯ ವಿಮಾನವನ್ನು ಅಣ್ಣ ಕಂಡ ಹಾಗೆ, ಬೆನ್ನ ಮೇಲಿನ ಇಂಜಿನ್ನಿನ ಸಮೇತ, ಅಳತೆ ಬಿಡದೆ ಮಾಡುತ್ತೇನೆ. ಗೋವಿಂದನಹಳ್ಳಿಗೆ ಹೊತ್ತುಕೊಂಡು ಹೋಗಿ ಅವರ ಮುಂದೆ ಇಡುತ್ತೇನೆ.

ಆದರೆ ಅಳತೆ ಎಲ್ಲಿಂದ ತರುವುದು? ಫೋಟೋ ಇಲ್ಲ, ತೆಗೆಯುವ ಹಾಗೂ ಇರಲಿಲ್ಲವಂತೆ. ರೆಕ್ಕೆಯ ಉದ್ದ ನೂರೊಂಬತ್ತು ಅಡಿ ಎಂದು ಡಬ್ಬಿಯ ಕಾಗದದಲ್ಲಿತ್ತು. ಪ್ಲಾಸ್ಟಿಕ್ಕಿನ ರೆಕ್ಕೆ ಅಳೆದರೆ ಹದಿನೇಳು ಇಂಚು. ಎಂದರೆ ಎಪ್ಪತ್ತೇಳರಲ್ಲಿ ಒಂದು ಪಾಲು. ಇಂಜಿನ್ನಿನ ಉದ್ದ ಕೇಳಿದರೆ ಅಣ್ಣ ಅಡಿ ಇಂಚು ಹೇಳಲಾರ. "ಅದ್ರ ಪಕ್ಕ ಕೈ ಚಾಚ್ಕಂಡು ಮಲೀಕಂಡ್ರೆ ನಾನು ಮುಗುದ್ ಮೇಲೂ ಒಂದು ಮೊಳ ಇರ್ತಿತ್ತು" ಎಂದ. ಸರಿ, ಅವನನ್ನೇ ಜಗಲಿಯ ಮೇಲೆ, ಕೈಯನ್ನು ತಲೆಯಾಚೆ ಚಾಚಿಸಿ ಮಲಗಿಸಿದೆ. ಟೇಪು ಹಿಡಿದೆ. ಏಳಡಿ. ಮೊಳಕ್ಕೆ ಒಂದೂವರೆ. ಒಟ್ಟು ಎಂಟೂವರೆ ಅಡಿ. ಎತ್ತರ ಎಷ್ಟು? ಪಕ್ಕ ನಿಂತರೆ ಸೊಂಟದ ಮೇಲೆ ಒಂದು ಗೇಣು. ಇಂಜಿನ್ನಿನ ಮೂತಿಗೂ ವಿಮಾನದ ಬೆನ್ನಿನ ಕಿಂಡಿಗೂ ನಡುವೆ ಎಷ್ಟು ಜಾಗ? ಬೂಟು ಹಾಕಿದ ಎರಡು ಪಾದ, ಒಂದರ ಮುಂದೆ ಒಂದು. ಆ ಕಿಂಡಿಯಿಂದಲೇ ಮೇಲೆ ಹತ್ತಿ, ಅಲ್ಲಿ ಕಾಲೂರಿ, ಗಾಳಿಗೆ ಬೀಳದ ಹಾಗೆ ಕೂತು ಅವನು ಕೆಲಸ ಮಾಡುತ್ತಿದ್ದನಂತೆ. ಅವನ ಮೈಯೇ ನನಗೆ ಅಳತೆಪಟ್ಟಿಯಾಯಿತು.

ಕೇಳಿದಷ್ಟೂ ಹೇಳುತ್ತಿದ್ದ. ಎಷ್ಟೋ ದಿನದ ಮೇಲೆ ಅವನ ಮುಖದಲ್ಲಿ ಗೆಲುವು ಕಂಡಿತು. "ನೀನಾದ್ರೂ ಕೇಳ್ತೀಯಲ್ಲ ಕಣ್ಲಾ" ಎಂದ. ನಾನು ತಲೆ ತಗ್ಗಿಸಿ ಬರೆದುಕೊಳ್ಳುತ್ತಿದ್ದೆ.

ಯಾಕೆಂದರೆ ನಾನು ನಂಬಿರಲಿಲ್ಲ. ಇದನ್ನು ಬರೆಯಲು ಈಗಲೂ ನಾಚಿಕೆಯಾಗುತ್ತದೆ. ಕಾಲುವೆಯ ಲೆವೆಲ್ ತೆಗೆಯುವವರು ಒಂದು ಗುರುತಿನ ಕಲ್ಲಿನಿಂದ ಹೊರಟು, ಅಳೆಯುತ್ತ ಹೋಗಿ, ಬೇರೆ ದಾರಿಯಲ್ಲಿ ಅಳೆಯುತ್ತ ಅದೇ ಕಲ್ಲಿಗೆ ವಾಪಸ್ ಬರುತ್ತಾರೆ. ಹೋದಾಗಿನ ಲೆಕ್ಕವೂ ಬಂದಾಗಿನ ಲೆಕ್ಕವೂ ಒಂದೇ ಆಗಬೇಕು. ಆಗದಿದ್ದರೆ ನಡುವೆ ಎಲ್ಲೋ ತಪ್ಪಿದೆ ಎಂದರ್ಥ. ನಾನು ಅಣ್ಣನಿಗೂ ಹಾಗೇ ಮಾಡಿದೆ. ಹದಿನೈದು ದಿನ ಬಿಟ್ಟು, ಕಬ್ಬಿಗೆ ನೀರು ಹಾಯಿಸುತ್ತಿದ್ದವನ ಪಕ್ಕದ ಬದುವಿನ ಮೇಲೆ ಕೂತು, ಮರೆತವನಂತೆ ಅವೇ ಪ್ರಶ್ನೆಗಳನ್ನು ಹಿಂದುಮುಂದು ಮಾಡಿ ಕೇಳಿದೆ. ಬಾಲದ ಕಡೆಯಿಂದ ಶುರುಮಾಡಿ ಮೂತಿಯ ಕಡೆಗೆ ಬಂದೆ. ನಡುವೆ ಬೇಕೆಂದೇ ತಪ್ಪು ಅಳತೆ ಹೇಳಿ, "ಹೌದಲ್ವಾ ಅಣ್ಣ?" ಎಂದೆ. "ಅಲ್ಲ ಕಣೋ, ಎರಡು ಪಾದ ಅಂದಿರ್ಲಿಲ್ವಾ, ಬರ್ಕೊಂಡಿಲ್ವಾ ನೀನು?" ಎಂದು ತಿದ್ದಿದ. ಎಲ್ಲ ಲೆಕ್ಕ ಕೂಡಿಬಂತು. ಆದರೂ ನನ್ನ ತಲೆಹರಟೆ ಮನಸ್ಸು ಸುಮ್ಮನಿರಲಿಲ್ಲ. ಚೆನ್ನಾಗಿ ಬಾಯಿಪಾಠ ಮಾಡಿದ ಸುಳ್ಳೂ ಕೂಡಿಬರುತ್ತದಲ್ಲ ಎಂದಿತು.

ಊಟದ ವಿರಾಮದಲ್ಲಿ ಕಚೇರಿಯ ಮೇಜಿನ ಮೇಲೇ ಜೇನುಮೇಣದಲ್ಲಿ ಇಂಜಿನ್ನು ಕಡೆದೆ. ಒಂದೂಕಾಲು ಇಂಚಿಗಿಂತ ಚೂರು ಹೆಚ್ಚು ಉದ್ದ. ಅಡಿಯಲ್ಲಿ ಸಿಕ್ಕಿಸಲು ಒಂದು ಮೊಳೆಯಂಥ ಕಾಲು. ಮೇಣ ಬಿಸಿಲಿಗೆ ಬಾಗುತ್ತದೆ, ಮರ ಬಿರಿಯುತ್ತದೆ. ಲೋಹದ್ದೇ ಆಗಬೇಕೆಂದು ಅದನ್ನು ಹತ್ತಿಯಲ್ಲಿಟ್ಟು ನಾಗಮಂಗಲಕ್ಕೆ ಬಸ್ಸು ಹತ್ತಿದೆ. ಅಲ್ಲಿ ಮೇಣದ ಬೊಂಬೆಗೆ ಮಣ್ಣು ಮೆತ್ತಿ, ಸುಟ್ಟು ಮೇಣ ಕರಗಿಸಿ, ಆ ಟೊಳ್ಳಿಗೆ ಲೋಹ ಎರೆದು ದೇವರ ವಿಗ್ರಹ ಮಾಡುವವರಿದ್ದಾರೆ. ಅವರಲ್ಲಿ ಹಿರಿಯರೊಬ್ಬರ ಮುಂದೆ ನನ್ನ ಮೇಣವನ್ನು ಇಟ್ಟೆ.

ಆಚಾರ್ರು ಕನ್ನಡಕ ಏರಿಸಿ, ತಿರುಗಿಸಿ ನೋಡಿ, "ಇದು ಯಾವ್ ದೇವ್ರುದು ಸ್ವಾಮಿ?" ಎಂದರು.

"ದೇವ್ರುದಲ್ಲ ಆಚಾರ್ರೇ, ವಿಮಾನದ ಇಂಜಿನ್ನು."

"ಪುಷ್ಪಕ ವಿಮಾನವಾ?"

"ಮಿಲಿಟ್ರಿದು."

ಅವರಿಗೆ ಏನೂ ಆಶ್ಚರ್ಯವಾಗಲಿಲ್ಲ. "ಯಾವ್ದಾದ್ರೂ ಆಗ್ಲಿ, ಮನ್ಗೆ ತಕ್ಕೊಂಡೋಗೋದಲ್ವಾ? ಒಳ್ಳೇದಾಗಂಗೆ ಮಾಡ್ಕೊಡ್ತೀನಿ, ಬುಡಿ" ಎಂದರು. ಎರಡು ಸಲ ಓಡಾಡಿದ ಮೇಲೆ ಹಿತ್ತಾಳೆಯ ತುಂಡು ಕೈಗೆ ಬಂತು. ಮೂತಿಯ ಟೊಳ್ಳು, ಹಿಂದಿನ ಕೊಳವೆ, ಎಲ್ಲ ಕಣ್ಣಿಗೆ ಕಟ್ಟುವ ಹಾಗಿತ್ತು. ಅಂಥ ಕೆಲಸ ನೋಡಿ ಅಳೆಯಬೇಕೆಂದೇ ನನಗೆ ತೋಚಲಿಲ್ಲ. ಸೀದಾ ಬಸ್ಸು ಹತ್ತಿದೆ. ಮೂರು ಸಲ ಕಂಡ ಆಚಾರ್ರ ಕೈಯನ್ನು ಅಳೆಯದೆ ನಂಬಿದೆ, ಒಡಹುಟ್ಟಿದವನ ಮಾತನ್ನು ಮಾತ್ರ ಎರಡೆರಡು ಸಲ ಅಳೆದಿದ್ದೆ.

ಭಾನುವಾರ ಬೆಳಿಗ್ಗೆ ಜಗಲಿಯ ಮೇಲೆ ವಿಮಾನ ಸಿದ್ಧವಾಗಿತ್ತು. ಡಬ್ಬಿಯ ಅಂಟು ಒಣಗಿಹೋಗಿದ್ದರಿಂದ ಮೈಸೂರಿನ ಕನ್ನಡಕ ರಿಪೇರಿಯವನ ಹತ್ತಿರ ದ್ರಾವಣ ತಂದು ಅಂಟಿಸಿದ್ದೆ. ಹಿತ್ತಾಳೆಯ ಭಾರಕ್ಕೆ ಬಾಲ ನೆಲಕ್ಕೆ ಕೂರದಿರಲಿ ಎಂದು ಮೂತಿಯೊಳಗೆ ಮೀನು ಗಾಳದ ಸೀಸದ ಗುಂಡು ತುಂಬಿದ್ದೆ. ಬೆನ್ನಿನ ತೂತಿಗೆ ಇಂಜಿನ್ನನ್ನು ಸಿಕ್ಕಿಸಿ ಅಣ್ಣನನ್ನು ಕರೆದೆ. ಮೇಣದ್ದನ್ನು ಅವನು ನೋಡಿರಲೇ ಇಲ್ಲ. ಎಪ್ಪತ್ತೇಳರ ಲೆಕ್ಕವೂ ಅವನಿಗೆ ಗೊತ್ತಿರಲಿಲ್ಲ.

ಅಣ್ಣ ಕುಕ್ಕರುಗಾಲಲ್ಲಿ ಕೂತು ಕಣ್ಣನ್ನು ಅದರ ಮಟ್ಟಕ್ಕೆ ಇಳಿಸಿ ನೋಡಿದ. ತುಂಬ ಹೊತ್ತು ನೋಡಿದ. ಆಮೇಲೆ ಎರಡು ಬೆರಳನ್ನು ಕಾಲುಗಳ ಹಾಗೆ ಮಾಡಿ ವಿಮಾನದ ಬೆನ್ನ ಮೇಲೆ, ಕಿಂಡಿಯ ಹತ್ತಿರ ಇಟ್ಟ. ಬೆರಳು ಇಂಜಿನ್ನಿನ ಮೂತಿಗೆ ತಗುಲಿತು.

"ಇಲ್ಲ ಕಣ್ಲಾ. ಇಲ್ಲಿ ನಾನು ಬಿದ್ದೋಯ್ತೀನಿ" ಎಂದ.

"ಯಾಕೆ?"

"ಉದ್ದ ಆಗ್ಯದೆ ಇದು. ಒಂದು ಗೇಣು ಉದ್ದ ಆಗ್ಯದೆ. ಕಾಲೂರೋಕೆ ಜಾಗ್ವೇ ಇಲ್ಲ."

ನನಗೆ ಸಿಟ್ಟು ಬಂತು. ನಾನು ಮಾಡಿದ ಅಳತೆಯಲ್ಲಿ ತಪ್ಪು ಹಿಡಿಯುತ್ತಾನಾ? ಅವನ ಎದುರಿಗೇ ಅಳತೆ ಕಡ್ಡಿ ತಂದು ಹಿಡಿದೆ. ಮೇಣದಲ್ಲಿ ಇದ್ದದ್ದಕ್ಕಿಂತ ಹಿತ್ತಾಳೆಯಲ್ಲಿ ಇಂಚಿನ ಹತ್ತನೇ ಒಂದು ಭಾಗಕ್ಕೆ ಚೂರು ಮೇಲೆ ಹೆಚ್ಚಾಗಿತ್ತು. ಎಪ್ಪತ್ತೇಳರಿಂದ ಗುಣಿಸಿದೆ. ಎಂಟೂವರೆ ಇಂಚು. ಅಣ್ಣನ ಕೈ ಎಳೆದು ಅವನ ಗೇಣನ್ನು ಅಳೆದೆ. ಎಂಟೂಮುಕ್ಕಾಲು.

ಇದನ್ನು ಬಾಯಿಪಾಠ ಮಾಡಲು ಯಾರಿಂದಲೂ ಆಗುವುದಿಲ್ಲ. ಅಲ್ಲಿ ಕಾಲೂರಿ ನಿಂತವನ ಕಾಲಿಗೆ ಮಾತ್ರ ಅದು ಗೊತ್ತಾಗುತ್ತದೆ. ಆ ಕ್ಷಣದಲ್ಲಿ ನಾನು ಅಣ್ಣನನ್ನು ನಂಬಿದೆ. ಚಳಿ, ಕಿತ್ತ ಚರ್ಮ, ಬೆಟ್ಟದ ಸಂದಿ, ಎಲ್ಲವನ್ನೂ ಒಟ್ಟಿಗೇ ನಂಬಿದೆ. ಎದ್ದು ಹಿತ್ತಿಲಿಗೆ ಹೋಗಿ ಮುಖ ತೊಳೆದುಕೊಂಡು ಬಂದೆ.

ಮಾರನೇ ದಿನವೇ ರಜ ಹಾಕಿ ನಾಗಮಂಗಲಕ್ಕೆ ಹೋಗಿ ಆಚಾರ್ರ ಮೇಲೆ ಎಗರಿದೆ. ಅವರು ಅಷ್ಟೇ ತಣ್ಣಗೆ ಹೇಳಿದರು. ನನ್ನ ಮೇಣದ ಉದ್ದ ಅವರ ಲೆಕ್ಕದಲ್ಲಿ ಹನ್ನೆರಡು ಜವೆ, ಎಂದರೆ ಹನ್ನೆರಡು ಜವೆಗೋಧಿ ಕಾಳು ಸಾಲಿಗಿಟ್ಟಷ್ಟು. ವಿಗ್ರಹವಾಗಲಿ ಮನೆಯಾಗಲಿ, ಅಳತೆಯನ್ನು ಎಂಟರಿಂದ ಭಾಗಿಸಿ ಉಳಿದದ್ದನ್ನು ನೋಡುತ್ತಾರೆ. ಅದಕ್ಕೆ ಆಯ ಎನ್ನುತ್ತಾರೆ. ಬೆಸ ಉಳಿದರೆ ಒಳ್ಳೆಯದು, ಸಮ ಉಳಿದರೆ ಕೆಟ್ಟದ್ದು. "ನಿಮ್ದು ನಾಲ್ಕು ಉಳೀತಿತ್ತು ಸ್ವಾಮಿ, ಶ್ವಾನಾಯ. ನಾಯಿ ಆಯದ್ದ ಮನೇಲಿ ಇಟ್ಕೊಂಡ್ರೆ ಇಟ್ಕೊಂಡೋರ ಮಾತು ಯಾರೂ ಕೇಳಲ್ಲ. ಅದ್ಕೇ ಮೂತಿಗೆ ಒಂದು ಜವೆ ಮೇಣ ಮೆತ್ತಿ ಐದಕ್ಕೆ ತಂದೆ. ವೃಷಭಾಯ. ನಿಮ್ಗೆ ಒಳ್ಳೇದಾಗ್ಲಿ ಅಂತ" ಎಂದರು. ಬೈಯಬೇಕೆಂದು ಹೋದವನು ಕೈ ಮುಗಿದು ಬಂದೆ. ಆ ಒಂದು ಜವೆಯನ್ನು ನಾನೇ ಅರದಲ್ಲಿ ಉಜ್ಜಿ ತೆಗೆದೆ. ಅಣ್ಣ ಮತ್ತೆ ಬೆರಳಿಟ್ಟು ನೋಡಿ, "ಆಂ, ಈಗ ನಿಂತ್ಕೋಬೋದು" ಎಂದ.

ಮುಂದಿನ ಶನಿವಾರ ಇಬ್ಬರೂ ಗೋವಿಂದನಹಳ್ಳಿಗೆ ಹೋದೆವು. ವಿಮಾನವನ್ನು ಬಿದಿರಿನ ಕುಕ್ಕೆಯಲ್ಲಿಟ್ಟು ತೊಡೆಯ ಮೇಲೆ ಹಿಡಿದುಕೊಂಡಿದ್ದೆ. ಬಸ್ಸು ಕುಲುಕಿದಾಗಲೆಲ್ಲ ನನ್ನ ಜೀವ ಬಾಯಿಗೆ ಬರುತ್ತಿತ್ತು. ಅಣ್ಣ ಅವತ್ತು ಗಡ್ಡ ಕೆರೆದಿದ್ದ.

ಸೋದರಮಾವ ಮರ್ಯಾದೆಯಿಂದಲೇ ಚಾಪೆ ಹಾಸಿದರು. ನಾನು ಕುಕ್ಕೆಯಿಂದ ವಿಮಾನ ತೆಗೆದು ಇಟ್ಟು, ಹಿತ್ತಾಳೆಯ ಇಂಜಿನ್ನನ್ನು ತೋರಿಸಿ, "ನೋಡಿ ಗೌಡ್ರೇ, ನಮ್ಮಣ್ಣ ಹೇಳ್ತಿದ್ದಿದ್ದು ಇದೇ" ಎಂದೆ. ಅವರು ಬಗ್ಗಿ ನೋಡಿದರು.

"ಇದು ಡಬ್ಬೀಲೇ ಇತ್ತಾ?"

"ಇಲ್ಲ. ನಾವೇ ಮಾಡ್ಸಿದ್ದು. ನಾಗಮಂಗಲದಲ್ಲಿ."

ಅವರು ನನ್ನ ಮುಖವನ್ನೇ ನೋಡಿದರು. "ಅಲ್ಲಾ, ಡಬ್ಬೀಲಿ ಇಲ್ದಿದ್ದ ನೀವೇ ಮಾಡ್ಸಿ, ನೀವೇ ಅಂಟ್ಸಿ, ನೀವೇ ತಂದು ತೋರ್ಸಿದ್ರೆ ಅದು ಸಾಕ್ಷಿ ಆಯ್ತದಾ? ನಾಳಿಕೆ ನಾನು ಅದ್ಕೆರಡು ಕೊಂಬು ಅಂಟುಸ್ತೀನಿ. ಒಪ್ಕೋತೀರಾ?"

ನಾನು ಪೆಚ್ಚಾದೆ. ಎರಡು ತಿಂಗಳು ಹಗಲೆಲ್ಲ ಅದನ್ನೇ ಯೋಚಿಸಿದ್ದವನಿಗೆ ಇಷ್ಟು ಸಣ್ಣ ಮಾತು ಒಮ್ಮೆಯೂ ಹೊಳೆದಿರಲಿಲ್ಲ. ಎದ್ದು ಓಡಿಹೋಗೋಣವೆನ್ನಿಸಿತು. ಅಣ್ಣ ಚಾಪೆಯ ಅಂಚನ್ನು ನೋಡುತ್ತ ಕೂತಿದ್ದ.

ಹುಡುಗಿ ಕಾಫಿ ತಂದಳು. ಲೋಟಗಳನ್ನು ಇಟ್ಟವಳು ಒಳಗೆ ಹೋಗಲಿಲ್ಲ. ಮಾವನ ಕಡೆ ಒಮ್ಮೆ ನೋಡಿ, ನನ್ನನ್ನು ಕೇಳಿದಳು.

"ನೀವು ಇದ್ನ ನಂಬ್ತೀರಾ?"

"ನಂಬ್ತೀನಮ್ಮಾ."

"ಮೊದ್ಲಿಂದ್ಲೂವಾ?"

ಹೌದು ಎಂದುಬಿಡಬಹುದಿತ್ತು. ಒಂದೇ ಮಾತು. ಆದರೆ ಸುಳ್ಳು ಹೇಳುವವರ ಮನೆ ಎಂದು ಅನುಮಾನಿಸುತ್ತಿರುವವರ ಎದುರು, ಅದೂ ಮಕ್ಕಳ ಸುಳ್ಳನ್ನು ದಿನಾ ಹಿಡಿಯುವವಳ ಎದುರು, ನನ್ನ ನಾಲಗೆ ಹೊರಳಲಿಲ್ಲ.

"ಇಲ್ಲ. ಹೋದ್ ಭಾನುವಾರದಿಂದ" ಎಂದೆ. ಶುರುಮಾಡಿದ ಮೇಲೆ ನಿಲ್ಲಿಸಲಾಗಲಿಲ್ಲ. ಎಲ್ಲರ ಜೊತೆ ನಾನೂ ನಕ್ಕದ್ದು, ಎರಡು ಸಲ ಹಿಂದುಮುಂದು ಕೇಳಿ ಪರೀಕ್ಷೆ ಮಾಡಿದ್ದು, ತಪ್ಪು ಅಳತೆ ಹೇಳಿ ಬಲೆ ಬೀಸಿದ್ದು, ಆಚಾರ್ರ ಒಂದು ಜವೆಯನ್ನು ಅಣ್ಣ ಒಂದು ಗೇಣೆಂದು ಹಿಡಿದದ್ದು, ಎಲ್ಲವನ್ನೂ ಹೇಳಿಬಿಟ್ಟೆ. ಅಣ್ಣನ ಕಡೆ ನೋಡುವ ಧೈರ್ಯವಾಗಲಿಲ್ಲ.

ಸೋದರಮಾವ ವಿಮಾನವನ್ನು ಅಣ್ಣನ ಮುಂದಕ್ಕೆ ಸರಿಸಿ, "ಎಲ್ಲಿ ಕಾಲೂರ್ತಿದ್ರಿ, ತೋರ್ಸಿ ಮತ್ತೆ" ಎಂದರು. ಅಣ್ಣ ಬೆರಳಿಟ್ಟು ತೋರಿಸಿದ. ಹುಡುಗಿ ಬಾಗಿ ನೋಡಿ, "ಅಲ್ಲಿ ಹಿಡ್ಕೊಳೋಕೆ ಏನಾದ್ರೂ ಇರ್ತಿತ್ತಾ?" ಎಂದಳು. "ಏನೂ ಇರ್ತಿರ್ಲಿಲ್ಲ" ಎಂದ ಅಣ್ಣ. ಸೋದರಮಾವ ನನ್ನ ಕಡೆ ತಿರುಗಿ, "ತಮ್ಮನೇ ಇಷ್ಟು ಜಾಲಾಡಿ ನೋಡವ್ನೆ ಅಂದ್ಮೇಲೆ ಇನ್ನು ನಂದೇನದೆ?" ಎಂದು ನಕ್ಕರು. ಹೊರಡುವಾಗ ದಿನ ನೋಡಿಸುವ ಮಾತು ಅವರ ಬಾಯಿಂದಲೇ ಬಂತು.

ವಾಪಸ್ ಬರುವಾಗ ಬಸ್ಸಿನಲ್ಲಿ ಕುಕ್ಕೆಯನ್ನು ಅಣ್ಣ ಹಿಡಿದುಕೊಂಡಿದ್ದ. ಕೆ.ಆರ್. ಪೇಟೆ ದಾಟಿತು. ನನಗೆ ಸುಮ್ಮನಿರಲು ಬರುವುದಿಲ್ಲವಲ್ಲ. "ಒಪ್ಕೊಂಡ್ರಲ್ಲ ಅಣ್ಣ, ಬುಡು" ಎಂದೆ.

"ಊಂ" ಎಂದ. ಕಿಟಕಿಯ ಕಡೆ ನೋಡುತ್ತಲೇ, "ಇಂಜಿನ್ನ ಅಳೀತಾವ್ನೆ ಅಂದ್ಕೊಂಡಿದ್ದೆ ಕಣ್ಲಾ. ನೀನು ಅಳೀತಿದ್ದಿದ್ದು ನನ್ನಾ?" ಎಂದ.

ಕುಕ್ಕೆ ನಾನು ಹಿಡ್ಕೋತೀನಿ ಕೊಡು ಎಂದೆ. ಕೊಟ್ಟ.

ಆ ವರ್ಷವೇ ಮದುವೆಯಾಯಿತು. ಅತ್ತಿಗೆ ಕಿವಿಗೊಟ್ಟು ಕೇಳುವವಳು. ಸಂಜೆ ಹಿತ್ತಿಲಿನ ಒಗೆಯುವ ಕಲ್ಲಿನ ಮೇಲೆ ಕೂತು ಅಣ್ಣ ಅವಳಿಗೆ ಹಿಮದ ಕತೆ, ಬೆಟ್ಟದ ಕತೆ ಹೇಳುತ್ತಿದ್ದ. ಕಚೇರಿಯಿಂದ ಬಂದು ಸೈಕಲ್ಲು ನಿಲ್ಲಿಸುವಾಗ ನನಗೆ ಅವನ ದನಿ ಕೇಳಿಸುತ್ತಿತ್ತು, ಅವಳ ನಗು ಕೇಳಿಸುತ್ತಿತ್ತು. ನಾನು ಹಿತ್ತಿಲ ಬಾಗಿಲಿಗೆ ಬಂದರೆ ಮಾತು ನಿಲ್ಲಿಸಿ, "ಬಂದ್ಯಾ? ಕೈಕಾಲು ತೊಳ್ಕೊ" ಎನ್ನುತ್ತಿದ್ದ. ನನ್ನ ಮೇಲೆ ಅವನಿಗೆ ಕೋಪವಿರಲಿಲ್ಲ, ಗದ್ದೆ, ಮನೆ, ಮಕ್ಕಳು, ಎಲ್ಲದರ ಮಾತೂ ಆಡುತ್ತಿದ್ದ. ಆ ವಿಮಾನದ ವಿಷಯ ಮಾತ್ರ ಬದುಕಿರುವ ತನಕ ನನ್ನ ಹತ್ತಿರ ಮತ್ತೆ ಎತ್ತಲಿಲ್ಲ.